ವರ್ಲಿನ್‌ನ ಕೆಂಪು ಬೀಗ

ಟೋರ್ವಿಕ್ ಊರಿನಲ್ಲಿ ಹೊಗಳಿಕೆ ಅನ್ನುವುದು ಸುಲಭಕ್ಕೆ ಸಿಗುವ ಪದಾರ್ಥವಲ್ಲ. ಮಿನ್ನೆಸೋಟದ ಆ ಮೂಲೆಯಲ್ಲಿ, ಉರಿಯುವ ಮನೆಗೆ ನುಗ್ಗಿ ಮುದುಕಿಯನ್ನು ಹೊತ್ತು ತಂದವನಿಗೂ "ಪರವಾಗಿಲ್ಲ" ಅನ್ನುತ್ತಾರೆ. ಅವನು ಎರಡನೇ ಸಲ ನುಗ್ಗಿ ಮುದುಕಿಯ ಬೆಕ್ಕನ್ನೂ ತಂದರೆ "ಪರವಾಗಿಲ್ಲಪ್ಪ ನೀನು" ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಮಾತು ಅವರ ಹತ್ತಿರ ಇಲ್ಲವೆಂದಲ್ಲ. ಇದೆ. ಅದನ್ನು ಮನುಷ್ಯ ಸತ್ತ ಮೇಲೆ ಹೇಳಲಿಕ್ಕೆ ಎತ್ತಿಟ್ಟಿರುತ್ತಾರೆ.

ವರ್ಲಿನ್ ಹೌಗೆನ್‌ಗೆ ಆ ಸಣ್ಣ "ಪರವಾಗಿಲ್ಲ" ಕೂಡ ಯಾರೂ ಅಂದಿರಲಿಲ್ಲ. ಊರಿನ ಸಕ್ಕರೆ ಕಾರ್ಖಾನೆಗೆ ತಲೆತುಂಬ ಕೂದಲಿದ್ದಾಗ ಸೇರಿದವನು ಅವನು. ಈಗ ತಲೆ ನುಣ್ಣಗಾಗಿತ್ತು. ಮನುಷ್ಯ ಚಿನ್ನದಂಥವನು. ಆದರೆ ಆ ನುಣ್ಣನೆಯ ತಲೆಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ, ಜಾರಿಬಿಡುತ್ತಿತ್ತು. ಊಟದ ಡಬ್ಬಿಯನ್ನು ಪಿಕಪ್ ಗಾಡಿಯ ತಲೆಯ ಮೇಲಿಟ್ಟು ಕಾರ್ಖಾನೆ ತನಕ ಓಡಿಸಿಕೊಂಡು ಬರುತ್ತಿದ್ದ. ಒಂದು ಭಾನುವಾರವಂತೂ ಹೆಂಡತಿ ಮಾರ್ಲಿಸಳನ್ನು ಚರ್ಚಿನಲ್ಲೇ ಬಿಟ್ಟು, ಪಕ್ಕದ ಮನೆಯ ಫರ್ನ್ ಅಜ್ಜಿಯನ್ನು ಕೂರಿಸಿಕೊಂಡು ಮನೆಗೆ ಬಂದಿದ್ದ. ದಾರಿಯುದ್ದಕ್ಕೂ ಆಕೆಗೆ ಸಂಸಾರದ ಕಷ್ಟಸುಖ ಹೇಳಿಕೊಂಡಿದ್ದ. "ಹೇಳಬಾರದಿತ್ತೇನಮ್ಮ ನೀವು?" ಅಂತ ಮಾರ್ಲಿಸ್ ಆಮೇಲೆ ಕೇಳಿದರೆ ಫರ್ನ್ ಅಜ್ಜಿ, "ಮಾತಾಡ್ತಿದ್ದನಲ್ಲಮ್ಮ, ನಡುವೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ" ಅಂದಿದ್ದಳು. ಆ ಊರೇ ಹಾಗೆ. ಮರ್ಯಾದೆಗೆ ಪ್ರಾಣ ಬಿಟ್ಟಾರು, ಬಾಯಿ ಬಿಡರು.

ಇಂಥ ವರ್ಲಿನ್ ಸುರಕ್ಷತಾ ಸಮಿತಿಯ ಮುಂದಾಳು ಆದದ್ದು ಒಂದು ಸಿಹಿ ವಡೆಯಿಂದ. ಡೋನಟ್ ಅನ್ನುತ್ತಾರಲ್ಲ, ನಡುವೆ ತೂತಿರುವುದು, ಅದು. ಕಾಫಿ ಕುಡಿಯುವ ಕೋಣೆಯಲ್ಲಿ ಸಭೆ ಸೇರಿತ್ತು. ಪಾಳಿಯ ಮೇಸ್ತ್ರಿ ಆರ್ಡಿಸ್ ನೈಗಾರ್ಡ್, "ಈ ಸಲ ಸಮಿತಿ ನಡೆಸೋಕೆ ಯಾರು ಬರ್ತೀರಿ?" ಅಂತ ಕೇಳಿದಳು. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ನಾನು ಬರುತ್ತೇನೆ ಅನ್ನುವುದು ಅಲ್ಲಿ ಜಂಬದ ಲಕ್ಷಣ. ವರ್ಲಿನ್‌ನ ಗಮನ ಮಾತ್ರ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಡೋನಟ್ ಮೇಲಿತ್ತು. ಕೊನೆಯದನ್ನು ಕೇಳದೆ ತೆಗೆದುಕೊಳ್ಳುವುದೂ ಆ ಊರಲ್ಲಿ ಮಹಾಪರಾಧ. ಅದಕ್ಕೆ ಅವನು ವಿನಯದಿಂದ ಕೈ ಎತ್ತಿದ.

"ಸರಿ, ವರ್ಲಿನ್" ಅಂದಳು ಆರ್ಡಿಸ್.

ವರ್ಲಿನ್ ಡೋನಟ್ ತೆಗೆದುಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಡೋನಟ್‌ಗೆ ಇಷ್ಟು ಸಂಭ್ರಮ ಯಾಕೆ ಅಂತ ಅವನಿಗೆ ಅರ್ಥವಾದದ್ದು ತಲೆಯ ಮೇಲೆ ಹಸಿರು ಹೆಲ್ಮೆಟ್ ಕೂತಾಗಲೇ. ಬೇಡ ಅನ್ನೋಣವೆಂದರೆ ಬಾಯಿತುಂಬ ಡೋನಟ್ಟು.

ಆದರೆ ಹಸಿರು ಹೆಲ್ಮೆಟ್ ಎಂಬುದು ಸಾಮಾನ್ಯ ವಸ್ತುವಲ್ಲ. ಇತರರಿಗೆಲ್ಲ ಬಿಳಿ, ಇವನೊಬ್ಬನಿಗೆ ಹಸಿರು. ವಾರ ಕಳೆಯುವಷ್ಟರಲ್ಲಿ ಅದು ತಲೆಯಿಂದ ಒಳಕ್ಕಿಳಿಯಿತು. ವರ್ಲಿನ್ ಅದನ್ನು ಹಾಕಿಕೊಂಡೇ ಅಂಗಡಿಗೆ ಹೋದ, ಕ್ಷೌರಕ್ಕೆ ಹೋದ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಲೆಫ್ಸೆ ಅನ್ನುವ ಆಲೂಗೆಡ್ಡೆ ರೊಟ್ಟಿ ಬೇಯಿಸುತ್ತಿದ್ದಲ್ಲಿಗೂ ಹೋದ. ಫರ್ನ್ ಅಜ್ಜಿ ರೊಟ್ಟಿ ಮಗುಚುವ ಉದ್ದನೆಯ ಕಡ್ಡಿ ಹಿಡಿದಿದ್ದಳು.

"ಅಜ್ಜಿ, ಆ ಕಡ್ಡಿ ಕಣ್ಣಿಗೆ ಚುಚ್ಚಿದ್ರೆ? ರಕ್ಷಣೆಯ ಕನ್ನಡಕ ಹಾಕ್ಕೊಳ್ಳಿ."

"ಹಾಕ್ಕೊಳ್ಳೋಣಪ್ಪ" ಅಂದಳು ಅಜ್ಜಿ ನಯವಾಗಿ. "ನೀನು ಇಷ್ಟು ಹತ್ತಿರ ನಿಂತ್ರೆ ಯಾರ ಕಣ್ಣಿಗಾದ್ರೂ ಚುಚ್ಚೇ ಚುಚ್ಚುತ್ತೆ."

ಮನೆಯಲ್ಲಿ ಒಲೆಯ ಸುತ್ತ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ. ಮಾರ್ಲಿಸ್ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಈ ಗೆರೆ ದಾಟಿದ್ರೆ ಏನಾಗುತ್ತೆ?"

"ಅಪಾಯ!"

"ದಾಟದೆ ಹೋದ್ರೆ ನಿನಗೆ ಊಟ ಇಲ್ಲ. ಯಾವುದು ದೊಡ್ಡ ಅಪಾಯ, ಯೋಚನೆ ಮಾಡು."

ಸಮಿತಿಯ ಮುಂದಾಳು ಯೋಚನೆ ಮಾಡಿ, ಮೊಣಕಾಲೂರಿ, ಪಟ್ಟಿ ಕಿತ್ತ.

ಇನ್ನು ಬೀಗದ ವಿಷಯ. ಆ ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಕೆಂಪು ಬೀಗ ಕೊಟ್ಟಿದ್ದರು. ಅದರ ಮೇಲೆ ಅವನ ಹೆಸರು, ಅವನ ಮುಖದ ಚಿತ್ರ. ಒಂದು ಬೀಗ, ಒಂದೇ ಕೀಲಿ. ಯಂತ್ರದ ಒಳಗೆ ಹೋಗುವವನು ಮೊದಲು ಅದನ್ನು ನಿಲ್ಲಿಸಬೇಕು, ಸ್ವಿಚ್ಚಿಗೆ ತನ್ನ ಬೀಗ ಜಡಿಯಬೇಕು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗಿಳಿಯಬೇಕು. ಹೊರಗೆ ಬಂದ ಮೇಲೆ ಅವನೇ ತೆಗೆಯಬೇಕು. ಬೇರೆಯವರು ಮುಟ್ಟುವಂತಿಲ್ಲ, ಸಾಕ್ಷಾತ್ ದೊಡ್ಡ ಸಾಹೇಬರು ಬಂದರೂ ಅಷ್ಟೇ. ಈ ಪದ್ಧತಿಯನ್ನು ಕಾರ್ಖಾನೆ ಅತ್ತು ಕಲಿತಿತ್ತು. ಬೀಗಗಳಿಲ್ಲದ ಕಾಲದಲ್ಲಿ ಆರ್ಡಿಸ್‌ಳ ಅಣ್ಣ ಯಂತ್ರದ ಒಳಗಿದ್ದ. ಸ್ವಿಚ್ಚು ಒತ್ತಿದವನಿಗೆ ಅದು ಗೊತ್ತಿರಲಿಲ್ಲ. ಆ ಬಗ್ಗೆ ಊರಲ್ಲಿ ಯಾರೂ ಮಾತಾಡುವುದಿಲ್ಲ. ಬೀಗ ಹಾಕುತ್ತಾರೆ, ಅಷ್ಟೇ.

ಆ ದಿನ, ಜನವರಿಯ ಕೊರೆಯುವ ಚಳಿಯಲ್ಲಿ, ಗೆಡ್ಡೆ ಹೆಚ್ಚುವ ಯಂತ್ರದಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತು. ಸಕ್ಕರೆ ಬೀಟ್ ಗೆಡ್ಡೆಗಳು ತೊಳೆದುಕೊಂಡು ಬಂದು ಮೊದಲು ಬೀಳುವುದೇ ಅದಕ್ಕೆ. ಅದು ನಿಂತರೆ ಹಿಂದಿನದೂ ಮುಂದಿನದೂ ಎಲ್ಲ ನಿಲ್ಲಬೇಕು. ವರ್ಲಿನ್‌ನ ಪಾಳಿ ಮುಗಿಯುವ ಹೊತ್ತು. ಅವನು ಹಸಿರು ಹೆಲ್ಮೆಟ್ ಸರಿಮಾಡಿಕೊಂಡು ಮುಂದೆ ಬಂದ. ಯಂತ್ರ ನಿಲ್ಲಿಸಿದ, ಬೀಗ ಜಡಿದ, ಜಗ್ಗಿ ನೋಡಿದ, ಎಲ್ಲರನ್ನೂ ಹಿಂದೆ ಸರಿಸಿದ, ಇಳಿದ, ಕಲ್ಲು ತೆಗೆದ, ಅಲಗುಗಳನ್ನು ಒಂದೊಂದಾಗಿ ನೋಡಿದ, ಮೇಲೆ ಬಂದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಏನನ್ನೂ ಮರೆತಿರಲಿಲ್ಲ. ಒಂದೇ ಒಂದು ಕೆಲಸ ಬಾಕಿ: ಬೀಗ ತೆಗೆಯುವುದು. ಅದಕ್ಕೆ ಕೈ ಚಾಚಿದ್ದ ಕೂಡ.

ಅಷ್ಟರಲ್ಲಿ ಹಿಂದಿನಿಂದ ಆರ್ಡಿಸ್ ಅಂದಳು: "ಪರವಾಗಿಲ್ಲ ಕಣೋ, ವರ್ಲಿನ್."

ಮುಗಿಯಿತು. ಚಾಚಿದ ಕೈ ಚಾಚಿದಂತೆಯೇ ಎದೆಯ ಮೇಲೆ ಬಂತು. ಆರ್ಡಿಸ್ ಕಾಫಿಗೆಂದು ಅತ್ತ ಹೋದಳು. ವರ್ಲಿನ್ ಇತ್ತ ತೇಲಿದ. ಆ ಹೊಗಳಿಕೆ ನೆತ್ತಿಗೇರಿ, ಅಲ್ಲಿ ಮೊದಲೇ ಇಕ್ಕಟ್ಟಾದ ಜಾಗದಲ್ಲಿ ಇದ್ದ ಬದ್ದದ್ದನ್ನೆಲ್ಲ ಹೊರಗೆ ನೂಕಿತು. ಕೋಟು ಗೂಟದ ಮೇಲೆ ಉಳಿಯಿತು. ಫೋನು ಬೀರುವಿನಲ್ಲಿ ಉಳಿಯಿತು. ಹೊರಗೆ ಹೋಗುವಾಗ ಕಾರ್ಡ್ ತೋರಿಸಬೇಕಾದ ಹಾಜರಿ ಯಂತ್ರಕ್ಕೆ ಕಾರ್ಡಿನ ಬದಲು ಒಂದು ಸಲಾಮು ಸಿಕ್ಕಿತು. ಗೇಟಿನ ಹೊರಗೆ ಮಾರ್ಲಿಸಳ ತಮ್ಮ ಲೆರಾಯ್ ತನ್ನ ಗಾಡಿಯಲ್ಲಿ ಕಾದಿದ್ದ. ಆ ಮಧ್ಯಾಹ್ನ ಗ್ಯಾರೇಜಿನ ಮೇಲಿನ ಹಿಮ ಕೆರೆದು ಹಾಕುತ್ತೇನೆ ಅಂತ ವರ್ಲಿನ್ ಹೆಂಡತಿಗೆ ಮಾತು ಕೊಟ್ಟಿದ್ದನಾದ್ದರಿಂದ, ಭಾವ ಭಾವಮೈದ ಇಬ್ಬರೂ ಗುಟ್ಟಾಗಿ ಮೀನು ಹಿಡಿಯಲು ಹೊರಟಿದ್ದರು. ಲೆರಾಯ್ ಒಂದು ಹಳೆಯ ಕೋಟು ಎಸೆದ, ವರ್ಲಿನ್ ತೊಟ್ಟ, ಗಾಡಿ ಹೊರಟಿತು. ವರ್ಲಿನ್‌ನ ಪಿಕಪ್ಪು ಕಾರ್ಖಾನೆಯ ಅಂಗಳದಲ್ಲೇ, ಎಂಜಿನ್ನು ಮರಗಟ್ಟದಿರಲೆಂದು ಚುಚ್ಚಿದ ಕರೆಂಟಿನ ತಂತಿಯೊಂದಿಗೆ ನಿಂತಿತ್ತು.

ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಲೆರಾಯ್‌ನ ಪುಟ್ಟ ಹಲಗೆ ಗುಡಿಸಲು, ಗುಡಿಸಲ ನಡುವೆ ಮಂಜುಗಡ್ಡೆ ಕೊರೆದ ತೂತು, ತೂತಿನ ಆಚೀಚೆ ಇಬ್ಬರು.

"ಪರವಾಗಿಲ್ಲ ಅಂದ್ಲು" ಅಂದ ವರ್ಲಿನ್.

"ಕೇಳಿದ್ನಲ್ಲ ಭಾವ. ದಾರಿಯುದ್ದಕ್ಕೂ ಅದೇ."

"ಬರೀ ಪರವಾಗಿಲ್ಲ ಅಲ್ಲ. ಕಣೋ ಅಂದ್ಲು."

"ಮೆಲ್ಲಗೆ, ಮೆಲ್ಲಗೆ. ಮೀನಿಗೆ ಜಂಬ ಆಗಿಬರಲ್ಲ."

ಲೆರಾಯ್‌ಗೆ ಮೀನಿನ ಬಗ್ಗೆ ಇಂಥ ಸಿದ್ಧಾಂತಗಳು ಬಹಳ. ಸದ್ದೂ ಆಗಿಬರಲ್ಲ ಎಂಬುದು ಇನ್ನೊಂದು. ಅದಕ್ಕೇ ಅವನು ಫೋನನ್ನೇ ಇಟ್ಟುಕೊಂಡವನಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನ ಗಾಳಕ್ಕೆ ಕಟ್ಟಿದ್ದ ಹೊಳೆಯುವ ತಗಡು ಕಿತ್ತುಹೋಯಿತು. ತಗಡಿಲ್ಲದೆ ಮೀನು ಮೂಸಿಯೂ ನೋಡುವುದಿಲ್ಲ.

"ಮಿನುಗೋ ಅಂಥದ್ದು ಏನಾದ್ರೂ ಇದೆಯಾ ಭಾವ?"

ವರ್ಲಿನ್ ಜೇಬು ತಡವಿದ. ಒಂದು ಕೀಲಿ ಸಿಕ್ಕಿತು. ಹೊಸದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಮುಖ್ಯದ್ದಲ್ಲ ತಾನೆ?"

"ಇದಾ? ನನ್ನ ಬೀಗದ್ದು. ಬೀಗ ಇಲ್ಲೇ ಸೊಂಟದಲ್ಲಿದೆಯಲ್ಲ" ಅಂತ ವರ್ಲಿನ್ ಮೂರು ಬಟ್ಟೆಗಳ ಮೇಲಿನಿಂದ ಸೊಂಟ ಮುಟ್ಟಿಕೊಂಡ. ಗಟ್ಟಿಯಾದದ್ದೇನೋ ಕೈಗೆ ತಾಕಿತು. ಅದು ಲೆರಾಯ್‌ನ ಕೋಟಿನ ಜೇಬಿನಲ್ಲಿದ್ದ, ಬಾಟಲಿ ಮುಚ್ಚಳ ತೆಗೆಯುವ ಸಾಧನ.

ಕೀಲಿ ನೀರಿಗಿಳಿಯಿತು. ಹೇಳಬೇಕಾದ್ದು ಹೇಳಬೇಕು, ಕೀಲಿ ಕೆಲಸ ಮಾಡಿತು. ತೋಳುದ್ದದ ಒಂದು ಪೈಕ್ ಮೀನು ಅದನ್ನು ಗಬಕ್ಕನೆ ನುಂಗಿ, ದಾರ ಹರಿದುಕೊಂಡು ಹೋಯಿತು.

ಇಬ್ಬರೂ ತೂತಿನೊಳಗೆ ಇಣುಕಿದರು. ಆಮೇಲೆ ಬೇಸರ ಕಳೆಯಲು ಹೊರಗೆ ಬಂದರು. ಬಯಲಿನ ಆಚೆ, ಆಕಾಶದ ಅಂಚಿನಲ್ಲಿ, ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಗೆಡ್ಡೆಯ ಹಂಗಾಮಿನಲ್ಲಿ ಹಗಲೂ ಇರುಳೂ ಬಿಡದೆ ಬಿಳಿ ಹಬೆ ಉಗುಳುವ ಚಿಮಣಿ ಅದು. ಈಗ ಅದರ ಮೇಲೆ ಬರೀ ಆಕಾಶವಿತ್ತು.

"ಭಾವ, ಹಬೆ ನಿಂತಿದೆಯಲ್ಲ."

ವರ್ಲಿನ್ ಕಣ್ಣು ಕಿರಿದುಮಾಡಿ ನೋಡಿ, ಮರುಕದಿಂದ ತಲೆಯಾಡಿಸಿದ. "ಯಾವನೋ ಎಡವಟ್ಟು ಮಾಡಿದಾನೆ. ನಾನು ಈ ಕಡೆ ಬಂದಿದ್ದೇ ತಡ, ನೋಡು."

ಅವನು ಈ ಕಡೆ ಬಂದ ಮೇಲೆ ಆ ಕಡೆ ಏನಾಯಿತೆಂಬುದು ವರ್ಲಿನ್‌ಗೆ ತಿಳಿದದ್ದು ತಡವಾಗಿ, ಬೇರೆ ಬೇರೆ ಬಾಯಿಂದ. ಅಷ್ಟು ಹೊತ್ತು ನಾವೇಕೆ ಕಾಯಬೇಕು?

ಮುಂದಿನ ಪಾಳಿಯವರು ಯಂತ್ರ ಹೊರಡಿಸಲು ಬಂದರೆ ಸ್ವಿಚ್ಚಿನ ಮೇಲೆ ಕೆಂಪು ಬೀಗ. ಬೀಗದ ಮೇಲೆ ವರ್ಲಿನ್ ಹಲ್ಲುಕಿರಿದು ನಗುತ್ತಿದ್ದಾನೆ. ಕೂಗಿದರು, ಉತ್ತರವಿಲ್ಲ. ಫೋನ್ ಮಾಡಿದರು, ಬೀರುವಿನಲ್ಲಿ ರಿಂಗಣಿಸಿತು. ಕೋಟು ಗೂಟದಲ್ಲಿ. ಗಾಡಿ ಅಂಗಳದಲ್ಲಿ. ಹಾಜರಿ ಯಂತ್ರ ಕೇಳಿದರೆ, ಮನುಷ್ಯ ಒಳಗಿದ್ದಾನೆ ಅನ್ನುತ್ತಿದೆ. ಮಾರ್ಲಿಸ್‌ಗೆ ಫೋನ್ ಮಾಡಿದರೆ, "ಇನ್ನೂ ಬಂದಿಲ್ಲ, ಗ್ಯಾರೇಜಿನ ಹಿಮ ಹಾಗೇ ಬಿದ್ದಿದೆ" ಅಂದಳು. ಮೇಲೆ ಬಂದವನು ಏನೋ ನೋಡಲು ಮತ್ತೆ ಒಳಗಿಳಿದನೆ? ಆರ್ಡಿಸ್ ಕಾಫಿ ಲೋಟವನ್ನು ಕೆಳಗಿಟ್ಟಳು. ಅವಳ ಮುಖ ಆ ಲೋಟದಷ್ಟೇ ಬಿಳಿಯಾಗಿತ್ತೆಂದು ಕಂಡವರು ಹೇಳುತ್ತಾರೆ.

ಯಂತ್ರದೊಳಗೆ ದೀಪ ಬಿಟ್ಟು ನೋಡಿದರು. ಇಲ್ಲ. ಕೆಳಗಿನ ನೀರಿನ ಕಾಲುವೆ ಬರಿದು ಮಾಡಿ ನೋಡಿದರು. ಇಲ್ಲ. ಉಳಿದದ್ದು ಯಂತ್ರದ ಬಾಯಿಗೆ ಗೆಡ್ಡೆ ಸುರಿಯುವ ದೊಡ್ಡ ತೊಟ್ಟಿ. ಅದರ ತುಂಬ ಗೆಡ್ಡೆ, ಅದರ ಅಂಚಿನಲ್ಲಿ ನಡೆದೇ ಯಂತ್ರಕ್ಕೆ ಹೋಗಿ ಬರಬೇಕು. ಅಲ್ಲಿಂದ ಕಾಲು ಜಾರಿದ್ದರೆ?

ಮ್ಯಾನೇಜರ್ ಪ್ರೌಟಿ ಮೆತ್ತನೆಯ ಚರ್ಮದ ಬೂಟಿನಲ್ಲಿ ಓಡಿಬಂದ. ಪಟ್ಟಣದವನು, ಊರಿಗೆ ಹೊಸಬ, ಆದ್ದರಿಂದ ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳುವ ದುರಭ್ಯಾಸವಿತ್ತು.

"ಆರ್ಡಿಸ್, ಆ ಮನುಷ್ಯ ಎಲ್ಲೋ ಹೋಗಿದಾನ್ರೀ! ಅವನ ಕಥೆ ಇಡೀ ಊರಿಗೆ ಗೊತ್ತು. ಯಂತ್ರ ನೋಡಾಯ್ತು, ಖಾಲಿ ಇದೆ. ಕತ್ತರಿಸಿ ಆ ಬೀಗ. ಪೈಪಿನಲ್ಲಿರೋ ರಸ ಎಲ್ಲ ಗಟ್ಟಿಯಾಗ್ತಿದೆ."

"ಯಂತ್ರ ನೀವು ನೋಡಿದ್ರಿ" ಅಂದಳು ಆರ್ಡಿಸ್. "ನಾನು ವರ್ಲಿನ್‌ನ ನೋಡಬೇಕು."

"ಅವನು ಮರೆತಿದಾನೆ ಅಷ್ಟೇ!"

"ಮರೆತಿದ್ರೆ ನಾಳೆ ಬೈಯ್ತೀನಿ. ಮರೆತಿಲ್ಲದೆ ಇದ್ರೆ ಯಾರನ್ನ ಬೈಯ್ಯೋದು?"

ಅವಳು ಸ್ವಿಚ್ಚಿಗೆ ಬೆನ್ನುಕೊಟ್ಟು ನಿಂತಳು. ಅಷ್ಟು ಹೊತ್ತಿಗೆ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ತಮ್ಮ ತಮ್ಮ ಕೆಂಪು ಬೀಗಗಳನ್ನು ವರ್ಲಿನ್‌ನ ಬೀಗದ ಪಕ್ಕ ಜಡಿದು ತೊಟ್ಟಿಗೆ ಇಳಿಯುತ್ತಿದ್ದರು. ಪ್ರೌಟಿ ಒಂದು ಗಳಿಗೆ ಅವರನ್ನು ನೋಡಿದ. ಆಮೇಲೆ ಅವನೂ ಜೇಬಿನಿಂದ ತನ್ನ ಬೀಗ ತೆಗೆದ, ಅವನ ಬೀಗ ಅಲ್ಲಿಯ ತನಕ ಬಿಸಿಲನ್ನೇ ಕಂಡಿರಲಿಲ್ಲ, ಅದನ್ನು ಜಡಿದು ಮೆತ್ತನೆಯ ಬೂಟಿನಲ್ಲೇ ಗೆಡ್ಡೆಗಳ ಮೇಲೆ ಇಳಿದ.

ಚಿಮಣಿಯ ಹಬೆ ನಿಂತದ್ದನ್ನು ಊರು ನೋಡಿತು. ಹಂಗಾಮಿನಲ್ಲಿ ಅದು ನಿಂತರೆ ಏನೆಂದು ಟೋರ್ವಿಕ್ ಹೆಂಗಸರಿಗೆ ಯಾರೂ ಹೇಳಬೇಕಾಗಿಲ್ಲ. ಯಾರ ಮನೆ ಎಂದು ತಿಳಿಯುವ ಮೊದಲೇ ಒಲೆಗಳಲ್ಲಿ ಹಾಟ್‌ಡಿಶ್ ಬೇಯತೊಡಗಿತು. ಮಾಂಸ, ಬೀನ್ಸು, ಮೇಲೊಂದು ಪದರ ಆಲೂಗೆಡ್ಡೆ, ಎಲ್ಲ ಒಂದೇ ತಟ್ಟೆಯಲ್ಲಿ. ಆ ಸೀಮೆಯಲ್ಲಿ ಸಾವಿಗೂ ಅದೇ, ಸನ್ಮಾನಕ್ಕೂ ಅದೇ. ಮುಖಗಳೂ ಎರಡಕ್ಕೂ ಒಂದೇ. ತಪ್ಪು ತಿಳಿಯುವವನು ತಿಳಿದರೆ ಅದು ಪೂರ್ತಿ ಅವನ ತಪ್ಪಲ್ಲ.

ಬೆಳಕು ಮಾಸುವ ಹೊತ್ತಿಗೆ ಲೆರಾಯ್ ವರ್ಲಿನ್‌ನನ್ನು ಬೀದಿಯ ತುದಿಯಲ್ಲಿ ಇಳಿಸಿ, ಅಕ್ಕನ ಕಣ್ಣಿಗೆ ಬೀಳದೆ ಪರಾರಿಯಾದ. ವರ್ಲಿನ್ ನೋಡುತ್ತಾನೆ: ಮನೆಯ ಮುಂದೆ ಗಾಡಿಗಳ ಸಾಲು. ಹಿತ್ತಲಿನಿಂದ ಅಡುಗೆಮನೆಗೆ ನುಸುಳಿದ. ಮೇಜಿನ ಮೇಲೆ ಹಾಟ್‌ಡಿಶ್ಶಿನ ಪಕ್ಕ ಹಾಟ್‌ಡಿಶ್ಶು, ಸಿಹಿ ತುಂಡುಗಳು, ಚರ್ಚಿನ ದೊಡ್ಡ ಕಾಫಿ ಪಾತ್ರೆ. ನಡುಮನೆಯ ಬಾಗಿಲ ಸಂದಿಯಿಂದ ಮಾತು ಕೇಳಿಬಂತು. ಯಂತ್ರದ ಮನೆಯ ಡುವೇನ್‌ನ ಧ್ವನಿ:

"ವರ್ಲಿನ್‌ನಂಥ ಮನುಷ್ಯ ಈ ಊರಲ್ಲಿ ಇನ್ನೊಬ್ಬ ಸಿಗಲ್ಲ."

ಫರ್ನ್ ಅಜ್ಜಿಯ ಧ್ವನಿ: "ಬಂಗಾರದ ಮನಸ್ಸು. ನನ್ನ ಕಣ್ಣಿನ ಬಗ್ಗೆ ಎಷ್ಟು ಕಾಳಜಿ ಅವನಿಗೆ!"

ವರ್ಲಿನ್ ಬಾಗಿಲ ಸಂದಿಗೆ ಕಿವಿಯಿಟ್ಟ. ಆರ್ಡಿಸ್ ಅಂದ ಮಾತು ಇಷ್ಟು ಬೇಗ ಊರೆಲ್ಲ ಹಬ್ಬಿತೆ! ಅಡುಗೆ ಮಾಡಿ ತಂದು, ಗುಟ್ಟಾಗಿ ಸೇರಿ, ಅವನಿಗೆ ಸನ್ಮಾನ! ಅವನು ಹಸಿರು ಹೆಲ್ಮೆಟ್ಟಿನ ಮೇಲಿದ್ದ ಹಿಮ ಒರೆಸಿಕೊಂಡು, ಬಾಗಿಲು ತಳ್ಳಿ ಒಳಗೆ ಬಂದು, ಎರಡೂ ಕೈ ಎತ್ತಿದ.

"ಅಯ್ಯೋ! ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ!"

ಫರ್ನ್ ಅಜ್ಜಿಯ ಕೈಯಲ್ಲಿದ್ದ ಸಿಹಿ ತುಂಡು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಕಿಟಕಿಯ ಹತ್ತಿರ ಬೆನ್ನುಹಾಕಿ ಕೂತಿದ್ದ ಮಾರ್ಲಿಸ್ ತಿರುಗಲಿಲ್ಲ.

"ನನಗೆ ಗೊತ್ತು, ನಮ್ಮ ಊರಲ್ಲಿ ಇಂಥದ್ದೆಲ್ಲ ಮಾಡಲ್ಲ" ಅಂತ ವರ್ಲಿನ್ ಶುರುಮಾಡಿದ. "ಆದರೂ ನೀವು ಮಾಡಿದೀರಿ. ನಾನು ಇಂದು ಏನಾಗಿದ್ದೀನೋ ಅದಕ್ಕೆ ನೀವೇ ಕಾರಣ."

ಯಾರೋ ಬಿಕ್ಕಿದರು. ವರ್ಲಿನ್‌ಗೆ ಹುರುಪು ಬಂತು. ಸುರಕ್ಷತೆಯ ಮಹತ್ವದ ಬಗ್ಗೆ ಹೇಳಿದ. ಮನುಷ್ಯ ಎಲ್ಲೇ ಹೋದರೂ ಮನೆಯವರಿಗೆ ಹೇಳಿ ಹೋಗಬೇಕೆಂಬುದನ್ನು ವಿಶೇಷವಾಗಿ ಒತ್ತಿ ಹೇಳಿದ. ಯಾರೂ ತಡೆಯಲಿಲ್ಲ. ಸತ್ತವನೇ ಆಗಲಿ, ಭಾಷಣ ಮಾಡುವಾಗ ನಡುವೆ ಬಾಯಿ ಹಾಕುವುದು ಟೋರ್ವಿಕ್‌ನಲ್ಲಿ ಮರ್ಯಾದೆಯಲ್ಲ.

"ನೋಡಿ, ಈ ಡುವೇನ್‌ನೇ ನೋಡಿ!" ಅಂತ ವರ್ಲಿನ್ ಅವನ ಕೈ ಹಿಡಿದೆತ್ತಿದ. ಕೈತುಂಬ ಕೆಸರು, ಉಗುರು ಒಡೆದು ರಕ್ತ ಹೆಪ್ಪುಗಟ್ಟಿತ್ತು. "ಎಷ್ಟು ಸಲ ಹೇಳಿದೀನಿ ಕೈಗವಸು ಹಾಕ್ಕೊಳ್ರೋ ಅಂತ! ಎಲ್ಲೋ ನಿನ್ನ ಕೈಗವಸು?"

ಡುವೇನ್ ಅವನನ್ನೇ ನೋಡಿದ.

"ತೊಟ್ಟಿಯಲ್ಲಿ ಗೆಡ್ಡೆ ಬಗೀತಿದ್ವಿ, ವರ್ಲಿನ್. ನಿನ್ನ ಹುಡುಕ್ಕೊಂಡು. ಕೈಗವಸು ಇದ್ರೆ ಗೆಡ್ಡೆ ಯಾವುದು ಕೈ ಯಾವುದು ಗೊತ್ತಾಗಲ್ಲ ಅಂತ ಬಿಚ್ಚಿಟ್ಟೆವು."

ವರ್ಲಿನ್ ಉಳಿದವರ ಕೈ ನೋಡಿದ. ಪಾಳಿಯ ಅರ್ಧ ಜನ ಅಲ್ಲಿದ್ದರು, ಇನ್ನರ್ಧ ಇನ್ನೂ ತೊಟ್ಟಿಯಲ್ಲೇ ಇದ್ದರು. ಎಲ್ಲರ ಕೈಗಳೂ ಹಾಗೇ ಇದ್ದವು.

"ನನ್ನ ಯಾಕೆ ಹುಡುಕಿದ್ರಿ?" ಅಂತ ಕೇಳಿದ. ಕೇಳುತ್ತಲೇ ಅವನ ಕೈ ಸೊಂಟಕ್ಕೆ ಹೋಯಿತು. ಬಾಟಲಿಯ ಸಾಧನ ಹೊರಗೆ ಬಂತು. ಅದನ್ನು ನೋಡುತ್ತ ನಿಂತವನಿಗೆ ಸ್ವಿಚ್ಚಿನ ಮುಂದೆ ತಾನು ಚಾಚಿದ ಕೈ ನೆನಪಾಯಿತು.

ಮಾರ್ಲಿಸ್ ಎದ್ದಳು. ನಡುಮನೆ ದಾಟಿ ಬಂದಳು. ಕೈಯಲ್ಲಿದ್ದ ಕರವಸ್ತ್ರದಿಂದ ಅವನ ಎದೆಗೆ ಬಡಿದಳು, ಮತ್ತೆ ಬಡಿದಳು, ಆಮೇಲೆ ಅಲ್ಲೇ ಮುಖವಿಟ್ಟು ಅತ್ತಳು.

"ಎಲ್ಲಿ ಸತ್ತಿದ್ದೆಯೋ?"

"ಮೀನು…" ಅಂದ ವರ್ಲಿನ್.

"ಗ್ಯಾರೇಜಿನ ಹಿಮ ಹಾಗೇ ಇದೆ!" ಅಂತ ಅವಳು ಇನ್ನೂ ಜೋರಾಗಿ ಅತ್ತಳು.

ಫರ್ನ್ ಅಜ್ಜಿ ಸಿಹಿ ತುಂಡನ್ನು ಕೊನೆಗೂ ಬಾಯಿಗಿಟ್ಟುಕೊಂಡು, "ನೀನು ಹೋದೆ ಅಂದ್ಕೊಂಡಿದ್ವಪ್ಪ" ಅಂದಳು. "ಹೇಳೋಣ ಅನ್ನಿಸ್ತು. ನೀನು ಮಾತಾಡ್ತಿದ್ದೆಯಲ್ಲ."

ಡುವೇನ್‌ನ ಗಾಡಿಯಲ್ಲಿ ಕಾರ್ಖಾನೆಗೆ ಹೋಗುವಾಗ ವರ್ಲಿನ್ ಹಸಿರು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕೆಲಸ ಹೋಯಿತೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವನು ಬದುಕಿದ್ದಾನೆಂದು ಫೋನಿನಲ್ಲಿ ಹೇಳಿಯಾಗಿತ್ತು. ಆದರೂ ಚಿಮಣಿ ಬರಿದಾಗಿಯೇ ಇತ್ತು. ಹಂಗಾಮಿನಲ್ಲಿ ಅಷ್ಟು ದೊಡ್ಡ ಕಟ್ಟಡ ಅಷ್ಟು ಸದ್ದಿಲ್ಲದೆ ನಿಂತದ್ದನ್ನು ಅವನು ಎಂದೂ ಕಂಡಿರಲಿಲ್ಲ. ಒಬ್ಬ ಮರೆಗುಳಿಗಾಗಿ ಎಲ್ಲ ನಿಂತಿತ್ತು.

ಆರ್ಡಿಸ್ ಸ್ವಿಚ್ಚಿನ ಮುಂದೆ ನಿಂತೇ ಇದ್ದಳು. ತೊಟ್ಟಿಗೆ ಇಳಿದವರೆಲ್ಲ ಮೇಲೆ ಬಂದು ತಮ್ಮ ಬೀಗ ತೆಗೆದುಕೊಂಡಿದ್ದರು. ಉಳಿದದ್ದು ಒಂದೇ, ಹಲ್ಲುಕಿರಿಯುವ ವರ್ಲಿನ್‌ನದು. ಪಕ್ಕದಲ್ಲಿ ಪ್ರೌಟಿ ಮೊಣಕಾಲ ತನಕ ಕೆಸರಾಗಿ, ಬರಿಗಾಲಲ್ಲಿ ನಿಂತಿದ್ದ. ಬೂಟು ಗೆಡ್ಡೆಗಳ ಪಾಲಾಗಿತ್ತು.

ಆರ್ಡಿಸ್ ವರ್ಲಿನ್‌ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಕೈ ತೋರಿಸು."

ವರ್ಲಿನ್ ಎರಡೂ ಕೈ ಎತ್ತಿದ. ಅವಳು ಬೆರಳುಗಳನ್ನು ಒಂದೊಂದಾಗಿ ನೋಡಿದಳು, ಮಗು ಹುಟ್ಟಿದಾಗ ನೋಡುವ ಹಾಗೆ.

"ಸರಿ. ಬೀಗ ತೆಗಿ."

ವರ್ಲಿನ್ ಖಾಲಿ ಜೇಬು ತಿರುವಿ ತೋರಿಸಿದ. "ಕೀಲಿ… ಇಲ್ಲ, ಆರ್ಡಿಸ್."

"ಎಲ್ಲಿದೆ?"

"ಮೀನಿನ ಹೊಟ್ಟೆಯಲ್ಲಿದೆ."

"ಯಾವ ಮೀನು?"

"ಪೈಕ್. ಇಷ್ಟುದ್ದ ಇತ್ತು" ಅಂತ ಕೈ ಅಗಲಿಸಿದ. ಇಂಥ ಹೊತ್ತಿನಲ್ಲೂ, ಅಭ್ಯಾಸಬಲದಿಂದ, ತುಸು ಹೆಚ್ಚೇ ಅಗಲಿಸಿದ.

ಎಲ್ಲಿಂದಲೋ ಗೊರಗೊರ ಸದ್ದು ಬಂತು. ಯಾವ ಯಂತ್ರ ಹೊರಟಿತು ಅಂತ ಜನ ಅತ್ತಿತ್ತ ನೋಡಿದರು. ಆರ್ಡಿಸ್ ನಗುತ್ತಿದ್ದಳು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ. ಅದನ್ನು ನೋಡದ ಹಾಗೆ ಎಲ್ಲರೂ ನಟಿಸಿದರು.

ದೊಡ್ಡ ಕತ್ತರಿ ತಂದರು. ಬೀಗದ ಒಡೆಯನೇ, ಎಲ್ಲರ ಎದುರು, ತನ್ನ ಕೈಯಾರೆ ಕತ್ತರಿಸಿದ. ಯಂತ್ರ ಹೊರಟಿತು. ಹೊರಗೆ ಚಿಮಣಿಯ ಮೇಲೆ ಬಿಳಿ ಹಬೆ ಎದ್ದಾಗ, ಊರಿನ ಮನೆಗಳಲ್ಲಿ ಹಾಟ್‌ಡಿಶ್ ಬಡಿಸಿಕೊಂಡರು.

ವರ್ಲಿನ್ ಹಸಿರು ಹೆಲ್ಮೆಟ್ಟನ್ನು ಆರ್ಡಿಸ್‌ಳ ಮುಂದೆ ಹಿಡಿದ. "ತಗೊಳ್ಳಿ. ನಾನು ಇದಕ್ಕೆ ಲಾಯಕ್ಕಲ್ಲ. ಕೆಲಸ ಹೋದ್ರೂ ಬೇಜಾರಿಲ್ಲ. ನನಗಾಗಿ ನೀವೆಲ್ಲ… ಒಬ್ಬ ನನ್ನಂಥವನಿಗಾಗಿ…"

"ನಿನ್ನಂಥವನು ಅಂತಲ್ಲ ಕಣೋ" ಅಂದಳು ಆರ್ಡಿಸ್. "ಬೀಗದ ಮೇಲೆ ಯಾರ ಮುಖ ಇದ್ರೂ ಇಷ್ಟೇ ಮಾಡ್ತಿದ್ವಿ."

ಬೇರೆ ಊರಿನವನಾಗಿದ್ದರೆ ಈ ಮಾತಿಗೆ ಸಪ್ಪಗಾಗುತ್ತಿದ್ದ. ವರ್ಲಿನ್‌ಗೆ ಮಾತ್ರ ಅದು ಎದೆಯ ಒಳಗೆ ಎಲ್ಲೋ ಹೋಗಿ ಬೆಚ್ಚಗೆ ಕೂತಿತು. ಜಾಣನಾಗಿರಬೇಕಾಗಿಲ್ಲ, ನೆನಪಿನ ಶಕ್ತಿ ಇರಬೇಕಾಗಿಲ್ಲ. ಒಳಗೆ ಇಳಿದವನಾಗಿದ್ದರೆ ಸಾಕು, ಹೊರಗಿನವರು ಕಾಯುತ್ತಾರೆ. "ನಿಮ್ಮ ಉಪಕಾರ…" ಅಂತ ಶುರುಮಾಡಿದ. ಆ ಊರಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಮುಂದಿನ ಮಾತು ಅವನಿಗೆ ಗೊತ್ತಿರಲಿಲ್ಲ. ಡುವೇನ್‌ನ ಕೆಸರು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ನಿಂತ.

"ಹೆಲ್ಮೆಟ್ ಇಟ್ಕೋ" ಅಂದಳು ಆರ್ಡಿಸ್. "ಬೀಗ ಮರೆತ್ರೆ ಏನಾಗುತ್ತೆ ಅಂತ ಹೇಳೋಕೆ ನಿನ್ನನ್ನು ಬಿಟ್ರೆ ಯಾರಿದ್ದಾರೆ? ಮತ್ತೆ ತಪ್ಪು ಅರ್ಧ ನಂದು. ಆ ಹೊತ್ತಿನಲ್ಲಿ ನಾನು ಹಾಗೆ ಅನ್ನಬಾರದಿತ್ತು."

ಮುಂದಿನ ಸಭೆಯಲ್ಲಿ ವರ್ಲಿನ್ ಗಂಭೀರವಾಗಿ ಎದ್ದು ನಿಂತು ಒಂದು ನಿಯಮ ಮಂಡಿಸಿದ: ಬೀಗ ತೆಗೆಯುವ ತನಕ ಯಾರೂ ಯಾರನ್ನೂ ಹೊಗಳಕೂಡದು. ಯಾರೂ ವಿರೋಧಿಸಲಿಲ್ಲ. ಹೊಗಳದೇ ಇರುವುದು ಟೋರ್ವಿಕ್ ಜನಕ್ಕೆ ಕಷ್ಟದ ಕೆಲಸವೇ ಅಲ್ಲ. ಆ ದಿನ ಕೊನೆಯ ಡೋನಟ್ಟಿಗೆ ಮಾತ್ರ ಯಾರೂ ಕೈ ಎತ್ತಲಿಲ್ಲ.

ಹಿಮ ಕರಗುವ ಮುಂಚೆ ಮತ್ತೊಂದು ಕಲ್ಲು ಸಿಕ್ಕಿಕೊಂಡಿತು. ವರ್ಲಿನ್ ಮತ್ತು ಡುವೇನ್ ಇಬ್ಬರೂ ಬೀಗ ಜಡಿದು ಇಳಿದರು. ವರ್ಲಿನ್ ಕಲ್ಲು ಹೊತ್ತು ಮೊದಲು ಮೇಲೆ ಬಂದ. ಹೊಸ ಕೀಲಿಯಿಂದ ಹೊಸ ಬೀಗ ತೆಗೆದು ಆರ್ಡಿಸ್‌ಳಿಗೆ ಅಂಗೈಯಲ್ಲಿ ತೋರಿಸಿದ. ಅವಳು ಬೀಗ ನೋಡಿದಳು, ಕೀಲಿ ನೋಡಿದಳು, ಅವನ ಮುಖ ನೋಡಿದಳು.

"ಪರವಾಗಿಲ್ಲ" ಅಂದಳು.

ಗೇಟಿನಲ್ಲಿ ಲೆರಾಯ್ ಹಾರ್ನ್ ಬಾರಿಸುತ್ತಿದ್ದ. ಪಾಳಿ ಮುಗಿದಿತ್ತು, ಈ ಸಲ ಮಾರ್ಲಿಸಳ ಒಪ್ಪಿಗೆಯೂ ಸಿಕ್ಕಿತ್ತು. ವರ್ಲಿನ್ ಎರಡು ಹೆಜ್ಜೆ ಹೋದವನು ನಿಂತ. ಸ್ವಿಚ್ಚಿನ ಮೇಲೆ ಇನ್ನೊಂದು ಕೆಂಪು ಬೀಗ ತೂಗುತ್ತಿತ್ತು, ಡುವೇನ್‌ನ ಮುಖವಿದ್ದದ್ದು. ವರ್ಲಿನ್ ಹಿಂದಿರುಗಿ ಬಂದು ಅದರ ಪಕ್ಕ, ಸ್ವಿಚ್ಚಿಗೆ ಬೆನ್ನುಕೊಟ್ಟು ನಿಂತ. ಲೆರಾಯ್ ಮತ್ತೆ ಮತ್ತೆ ಹಾರ್ನ್ ಬಾರಿಸಿದ. ಕೊನೆಗೆ ಯಂತ್ರದ ಬಾಯಲ್ಲಿ ಡುವೇನ್‌ನ ಬಿಳಿ ಹೆಲ್ಮೆಟ್ ಕಾಣಿಸಿತು.

"ಇನ್ನೂ ಹೋಗಿಲ್ವೇನೋ? ಏನು ಮರೆತೆ?"

"ಏನೂ ಇಲ್ಲ" ಅಂದ ವರ್ಲಿನ್. "ಕೈ ತೋರಿಸು."

ಡುವೇನ್ ಎರಡೂ ಕೈ ಎತ್ತಿ ತೋರಿಸಿದ.